ಕ್ಯಾಮೆರಾ ಇಳಿಸಿದ ಅಪ್ಪ

ಆ ಕಥೆಯನ್ನು ನೀವೂ ಕೇಳಿರಬಹುದು. ಹುಬ್ಬಳ್ಳಿಯ ಒಬ್ಬ ಹಳೆಯ ಫೋಟೋಗ್ರಾಫರ್, ಊರಿನ ಅರ್ಧ ಮಂದಿಯ ಲಗ್ನ ತೆಗೆದವರು, ತಮ್ಮ ಸ್ವಂತ ಮಗಳ ಲಗ್ನದಲ್ಲಿ ಅಕ್ಕಿಕಾಳು ಬೀಳುವ ಹೊತ್ತಿಗೆ ಸರಿಯಾಗಿ ಕ್ಯಾಮೆರಾ ಕೆಳಗಿಳಿಸಿದರು, ಬರಿಗಣ್ಣಿನಿಂದ ಮಗಳನ್ನು ನೋಡಿದರು, ಅವರ ಕಣ್ಣು ತುಂಬಿ ಬಂದವು. ಇಷ್ಟೇ. ಹನ್ನೆರಡು ಸೆಕೆಂಡಿನ ರೀಲು. ಸಪ್ತಾಪುರದ ನಮ್ಮ ಮೆಸ್ಸಿನ ಅಕ್ಕ ಚಪಾತಿ ಲಟ್ಟಿಸುತ್ತ ನನಗೇ ಈ ಕಥೆ ಹೇಳಿದರು. ಹೇಳುತ್ತ ಹೇಳುತ್ತ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಆ ರೀಲು ಮಾಡಿದವಳು ಎದುರಿಗೆ ತಟ್ಟೆ ಹಿಡಿದು ನಿಂತಿದ್ದಾಳೆ ಅಂತ ಅವರಿಗೆ ಗೊತ್ತಿರಲಿಲ್ಲ.

ಕಾಲೇಜಿನಲ್ಲಿ ನಮ್ಮನ್ನು ಚರ್ಚಾಸ್ಪರ್ಧೆಗೆ ತಯಾರು ಮಾಡುತ್ತಿದ್ದ ಮೇಡಂ ಒಂದು ಚಟ ಹಚ್ಚಿದ್ದರು. ಎದುರಿನವರ ಮಾತು ಒಡೆಯುವ ಮೊದಲು ನಿಮ್ಮ ಮಾತನ್ನೇ ತುಂಡು ಮಾಡ್ರಿ, ಒಂದೊಂದು ತುಂಡೂ ತನ್ನ ಕಾಲ ಮೇಲೆ ನಿಲ್ಲತದೇನು ನೋಡ್ರಿ, ಅನ್ನುತ್ತಿದ್ದರು. ಆ ಚಟ ಇನ್ನೂ ಬಿಟ್ಟಿಲ್ಲ. ಹಾಗಾಗಿ ತುಂಡು ಮಾಡುತ್ತೇನೆ. ಅವರು ಕ್ಯಾಮೆರಾ ಇಳಿಸಿದ್ದು ಖರೇ. ಕಣ್ಣಲ್ಲಿ ನೀರು ಬಂದದ್ದೂ ಖರೇ. ಮಗಳನ್ನು ನೋಡಿದ್ದು?

ಅದನ್ನು ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. ರೀಲಿನ ಕೆಳಗೆ ಸಾಲುಸಾಲಾಗಿ ಕೆಂಪು ಹೃದಯ ಇಟ್ಟವರು ಕೇಳಲಿಲ್ಲ, ಬೀಗರು ಕೇಳಲಿಲ್ಲ, ಮೆಸ್ಸಿನ ಅಕ್ಕ ಕೇಳಲಿಲ್ಲ. ಎಲ್ಲದಕ್ಕೂ ಎದ್ದು ನಿಂತು ಪ್ರಶ್ನೆ ಕೇಳುವ ನಾನು ಕೂಡ ಆ ಒಂದು ಪ್ರಶ್ನೆಯನ್ನು ತಿಂಗಳುಗಟ್ಟಲೆ ಬಾಯಲ್ಲಿ ಇಟ್ಟುಕೊಂಡು ಓಡಾಡಿದೆ.

ನನ್ನ ಕೆಲಸಕ್ಕೆ ಇನ್ನೂ ಕನ್ನಡದಲ್ಲಿ ಹೆಸರು ಹುಟ್ಟಿಲ್ಲ. ಕಾರ್ಡಿನ ಮೇಲೆ ‘ಕಂಟೆಂಟ್ ಕ್ರಿಯೇಟರ್’ ಅಂತ ಹಾಕಿಸಿದ್ದೇನೆ. ಕಲ್ಯಾಣಮಂಟಪದಲ್ಲಿ ಆ ಕಾರ್ಡು ಯಾರಿಗೂ ಕೆಲಸಕ್ಕೆ ಬರುವುದಿಲ್ಲ. ಎಂ.ಎ. ಮುಗಿಸಿ ಕೂತಾಗ ಗೆಳತಿಯೊಬ್ಬಳ ಲಗ್ನದಲ್ಲಿ ಫೋನು ಹಿಡಿದು ಓಡಾಡಿದ್ದು, ಆಮೇಲೆ ಅವಳ ಗೆಳತಿಯ ಲಗ್ನ, ಆಮೇಲೆ ಅವಳ ನಾದಿನಿಯ ಲಗ್ನ. ಹೀಗೆ ಶುರುವಾಯಿತು. ಲಗ್ನದ ಮನೆಯಲ್ಲಿ ಪ್ರತಿಯೊಬ್ಬ ಕೆಲಸದವರಿಗೂ ಒಂದು ಜಾಗ ಇರುತ್ತದೆ. ಅಡಿಗೆಯವರಿಗೆ ಹಿಂದಿನ ಬಾಗಿಲು. ವಾದ್ಯದವರಿಗೆ ಬಲಗಡೆಯ ಕಟ್ಟೆ. ಮೇಕಪ್ಪಿನ ಅಕ್ಕನಿಗೆ ಒಳಗಿನ ಕೋಣೆ, ಅದರ ಕೀಲಿ ಕೂಡ ಅವಳದೇ ಸೊಂಟದಲ್ಲಿ. ಫೋಟೋದವರಿಗೆ ವೇದಿಕೆಯ ಮೇಲೆ ಅಂಟಿಸಿದ ಬಿಳಿ ಟೇಪಿನ ಗುರುತು. ನನಗೆ ಚಾರ್ಜರ್ ಚುಚ್ಚುವ ಜಾಗವೂ ಇಲ್ಲ. ಇದ್ದೊಂದು ಪ್ಲಗ್ಗಿನಲ್ಲಿ ಯಾರದೋ ಸೋದರತ್ತೆಯ ಫೋನು ಬೆಳಗಿನಿಂದ ಮಲಗಿರುತ್ತದೆ.

“ನೀ ಯಾರ ಪೈಕಿಯಾಕಿವಾ? ಹುಡುಗನ ಕಡೇನೋ, ಹುಡುಗಿ ಕಡೇನೋ?” ಅಂತ ಪ್ರತಿ ಲಗ್ನದಲ್ಲೂ ಒಬ್ಬ ಅಜ್ಜಿ ಕೇಳುತ್ತಾರೆ.

“ಮೊಬೈಲ್ ಕಡೇರಿ.”

“ಅಲ್ಲ, ಎಲ್ಲಾರೂ ಮೊಬೈಲ್ ಹಿಡದಾರಲ್ಲ. ನಿಂದೇನ ವಿಶೇಷ?”

ಚರ್ಚೆಯಲ್ಲಿ ಇಂಥ ಪ್ರಶ್ನೆಗೆ ಮೂರು ನಿಮಿಷ ಸಿಗುತ್ತದೆ. ಇಲ್ಲಿ ಮೂರು ಸೆಕೆಂಡು. “ಫೋಟೋ ಆಲ್ಬಮ್ ಬರೂದ್ರಾಗ ಗಂಡಾ ಹೆಂಡ್ತಿ ಜಗಳಾ ಶುರುವಾಗಿರತೈತ್ರಿ. ನಂದು ಮಸರನ್ನ ಬಡಸೂದ್ರಾಗ ಬರತೈತಿ,” ಅಂತ ನಾನು ಹೇಳುತ್ತಿದ್ದೆ. ಅಜ್ಜಿಯರು ನಗುತ್ತಿದ್ದರು. ಫೋಟೋದವರು ನಗುತ್ತಿರಲಿಲ್ಲ.

ಆ ಲಗ್ನದ ಹುಡುಗಿ ವಿದ್ಯಾನಗರದ ಒಂದು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಮಾಡುತ್ತಿದ್ದವಳು, ನನಗಿಂತ ಎರಡು ವರ್ಷ ದೊಡ್ಡವಳು. ಒಂದು ಮಧ್ಯಾಹ್ನ ನನ್ನನ್ನು ದೇಶಪಾಂಡೆ ನಗರದ ಅವರಪ್ಪನ ಸ್ಟುಡಿಯೋಕ್ಕೆ ಕರೆಸಿಕೊಂಡಳು. ಅಪ್ಪ ಯಾರಿಗೋ ಆಲ್ಬಮ್ ಮುಟ್ಟಿಸಲು ಹೋಗಿದ್ದರು. ಅವರಿಲ್ಲದ ಹೊತ್ತು ನೋಡಿಯೇ ಕರೆಸಿದ್ದಳು ಅಂತ ಆಮೇಲೆ ತಿಳಿಯಿತು.

ಮನೆಯ ಆಲ್ಬಮ್ಮು ತೆಗೆದು ಕೌಂಟರಿನ ಮೇಲೆ ಇಟ್ಟಳು. ಅವಳ ತೊಟ್ಟಿಲು, ಜವಳ, ಸಾಲಿಯ ಮೊದಲ ದಿನ, ಭರತನಾಟ್ಯದ ಗೆಜ್ಜೆ, ಡಿಗ್ರಿಯ ಕಪ್ಪು ಗೌನು. ಅಮ್ಮ ಇದ್ದಾರೆ, ಅಜ್ಜಿ ಇದ್ದಾರೆ, ಓಣಿಯ ನಾಯಿ ಕೂಡ ಎರಡು ಕಡೆ ಇದೆ. ಅಪ್ಪ ಒಂದರಲ್ಲೂ ಇಲ್ಲ. ಕಡೆಗೆ ಒಂದು ಫೋಟೋದ ಮೇಲೆ ಬೆರಳಿಟ್ಟಳು. ಆರೇಳು ವರ್ಷದ ಅವಳು ದಸರಾದ ಲಂಗ ತೊಟ್ಟು ಉಕ್ಕಿನ ಕಪಾಟಿನ ಮುಂದೆ ನಿಂತಿದ್ದಾಳೆ. ಕಪಾಟಿನ ಬಾಗಿಲಿಗೆ ಕನ್ನಡಿ. ಕನ್ನಡಿಯೊಳಗೆ ಒಂದು ಗಂಡಸಿನ ಅಂಗಿ, ಎರಡು ಮೊಳಕೈ, ತಲೆ ಇರಬೇಕಾದಲ್ಲಿ ಫ್ಲ್ಯಾಶಿನ ಬಿಳಿ ಉಂಡೆ.

“ಇವರ ನಮ್ಮಪ್ಪ,” ಅಂದಳು.

“ಮಾರಿ ಎಲ್ಲೈತ್ರಿ?”

“ಅದ. ಆ ಬೆಳಕಿನ ಹಿಂದ ಅದ.”

ನಾನು ನಕ್ಕೆ. ಅವಳು ನಗಲಿಲ್ಲ.

“ಅಕ್ಕಿಕಾಳು ಬೀಳೂ ಹೊತ್ತಿಗೆ ಅಪ್ಪ ನನ್ನನ್ನ ಬರಿಗಣ್ಣಿಲೆ ನೋಡಬೇಕು. ಕ್ಯಾಮೆರಾದ ಕಿಂಡಿಯೊಳಗಿಂದ ಅಲ್ಲ. ನೋಡಿದ್ರ ಅದನ್ನ ನೀ ತೆಗೀಬೇಕು. ಇಡೀ ಲಗ್ನದಾಗ ನನಗ ನಿನ್ನ ಕಡಿಂದ ಬೇಕಾಗಿದ್ದು ಅದೊಂದ.”

“ಅಷ್ಟ ಆದ್ರ ಅವರಿಗೇ ಹೇಳಿಬಿಡ್ರಿ.”

“ಹೇಳಿದ್ರ ಮಾಡ್ತಾರ. ಅದಕ್ಕ ಹೇಳೂದಿಲ್ಲ. ತಾವಾಗೇ ಇಳಸಬೇಕು.”

“ಇಳಸಲಿಲ್ಲಂದ್ರ?”

ಅವಳು ಆಲ್ಬಮ್ ಮುಚ್ಚಿದಳು. “ಇಳಸಲಿಲ್ಲಂದ್ರ ಇಳಸಲಿಲ್ಲ. ನನಗ ಗೊತ್ತರ ಆಗ್ತದಲ್ಲ.”

ಈ ಕೊನೆಯ ಮಾತನ್ನು ನಾನು ಅವತ್ತು ಕಿವಿಯಿಂದ ಕೇಳಿದೆ, ಅಷ್ಟೇ. ಕೆಲಸ ಸಿಕ್ಕಿತು ಅನ್ನುವ ಖುಷಿಯಲ್ಲಿದ್ದೆ.

ಅಷ್ಟರಲ್ಲಿ ಅವರಪ್ಪ ಬಂದರು. ಕುಳ್ಳನೆಯ ಮನುಷ್ಯ, ಒಂದು ಭುಜ ಇನ್ನೊಂದಕ್ಕಿಂತ ಕೆಳಗೆ. ಅಷ್ಟು ವರ್ಷ ಚೀಲ ಹೊತ್ತದ್ದು ಆ ಭುಜದ ಮೇಲೆ. ಮಗಳು ನನ್ನ ಪರಿಚಯ ಮಾಡಿಸಿದಳು. ಅವರು ನನ್ನ ಕೈಲಿದ್ದ ಫೋನು ನೋಡಿದರು, ಆಮೇಲೆ ನನ್ನನ್ನು.

“ಹಾಂ, ರೀಲ್ಸ್ ಮಾಡಾಕಿ. ಮೂರು ದಿನದ ಲಗ್ನಾ ಹತ್ತು ಸೆಕೆಂಡಿನ್ಯಾಗ ಮುಗಸ್ತೀ ಏನವಾ?”

“ನೀವು ಸೆಕೆಂಡಿನ ನೂರನೇ ಭಾಗದಾಗ ಮುಗಸ್ತೀರಲ್ರಿ ಕಾಕಾ. ನಂದು ಭಾಳ ಸಾವಕಾಶ.”

ಅವರು ಕೂತರು. ನಾನು ಈ ಮನುಷ್ಯನನ್ನು ಇಷ್ಟಪಟ್ಟದ್ದು ಅಲ್ಲಿಂದ. ಸೋತಾಗ ಕೂಡುವವರು ಕಡಿಮೆ.

“ಬಾಯಿ ಛಲೋ ಅದ ನಿಂದು,” ಅಂದರು. “ಒಂದ ಮಾತು ನೆನಪಿಟಗೋ. ಉಳದ ಹೊತ್ತಿನ್ಯಾಗ ಇಲ್ಲೆ ನೋಡ್ರಿ, ನಗ್ರಿ, ತಲಿ ಎತ್ರಿ ಅಂತ ಎಷ್ಟರ ಒದರು. ಮಂಗಳಾಷ್ಟಕ ಶುರುವಾತಂದ್ರ ಬಾಯಿ ಬಂದ್. ಆ ಹೊತ್ತಿನ್ಯಾಗ ನಾ ಯಾವತ್ತೂ ಒಬ್ಬರನ್ನ ಕರದಿಲ್ಲ.”

“ಯಾಕ್ರಿ?”

“ಕರದ್ರ ಯಾರರ ಒಬ್ಬರು ಹೊಳ್ಳಿ ನೋಡ್ತಾರ. ಫೋಟೋ ಸಿಗ್ತದ. ಆದ್ರ ಹೊಳ್ಳಿ ನೋಡಿದವರಿಗೆ ಆ ಗಳಿಗಿ ಹೋತಲ್ಲ. ಅದನ್ನ ಯಾರು ತಿರುಗಿ ಕೊಡಾವರು?”

ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ. ಲಗ್ನದಲ್ಲಿ ಎಲ್ಲರೂ ಯಾವಾಗಲೂ ಯಾರದೋ ಕಡೆ ಹೊರಳಿ ನೋಡುತ್ತಿರುತ್ತಾರೆ, ಆಚಾರ್ಯರು ಕೂಡ ಮಂತ್ರದ ನಡುವೆ ಗಡಿಯಾರ ನೋಡುತ್ತಾರೆ, ಹೋದ ಗಳಿಗೆಯನ್ನು ತಿರುಗಿ ಕೊಡುವುದೇ ನಮ್ಮ ನಿಮ್ಮ ದಂಧೆ ಅಲ್ಲವೇನು, ಅಂತ ವಾದಿಸಿದೆ. ಅವರು ನಕ್ಕು ಎರಡೂ ಕೈ ಎತ್ತಿದರು. ಧಾರವಾಡಕ್ಕೆ ಬಸ್ಸಿನಲ್ಲಿ ಬರುವಾಗ ನಾನು ಗೆದ್ದ ಖುಷಿಯಲ್ಲಿ ಆ ವಾದವನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಹೇಳಿಕೊಂಡೆ.

ಲಗ್ನದ ದಿನ ವಿದ್ಯಾನಗರದ ಕಲ್ಯಾಣಮಂಟಪ. ಫೋಟೋದ ಜವಾಬುದಾರಿ ಕಾಕಾನ ಹಳೆಯ ಶಿಷ್ಯನದು. ನಲವತ್ತರ ಸಮೀಪದ ಮನುಷ್ಯ, ಈಗ ಅವನದೇ ದೊಡ್ಡ ಸ್ಟುಡಿಯೋ ಇದೆ, ಗುರುವಿನ ಮಗಳ ಲಗ್ನ ಅಂತ ಬೇರೆ ಯಾರನ್ನೂ ಹತ್ತಿರ ಬಿಟ್ಟಿರಲಿಲ್ಲ. ಬೆಳಿಗ್ಗೆಯೇ ವೇದಿಕೆಯ ಮೇಲೆ ಟೇಪು ಅಂಟಿಸಿ ಜಾಗ ಹಂಚಿದ್ದ. ಇದು ಫೋಟೋ, ಇದು ವಿಡಿಯೋ.

“ನಂದೆಲ್ಲಿರಿ ಅಣ್ಣಾ?” ಅಂದೆ.

“ನಿಂದು ಕೆಳಗ. ಸಭಾದಾಗ. ನನ್ನ ಫ್ರೇಮಿನ್ಯಾಗ ನಿನ್ನ ಕೈ ಬಂತಂದ್ರ ಆ ಕೈ ಆಲ್ಬಮ್ಮಿನ್ಯಾಗ ಪ್ರಿಂಟ್ ಹಾಕಿಸಿ ನಿನ್ನ ಮನಿಗೆ ಕಳಸ್ತೇನಿ.”

ಹಾಗಾಗಿ ನಾನು ವೇದಿಕೆಯ ಕೆಳಗೆ, ಸಭೆಯ ಮೊದಲ ಸಾಲಿನ ಮುಂದೆ ನಿಂತೆ. ಇನ್ನೊಂದು ಫೋನನ್ನು ಹೂವಿನ ಕಂಬಕ್ಕೆ ಕ್ಲಿಪ್ಪಿನಿಂದ ಕಚ್ಚಿಸಿ ಮದುಮಗಳ ಮುಖದ ಕಡೆ ತಿರುಗಿಸಿಟ್ಟೆ. ಹೂವಿನವನು ಒಂದು ಸೇವಂತಿಗೆ ಸರಿಸಲಿಕ್ಕೂ ಒಪ್ಪಲಿಲ್ಲ. ಅವನೊಂದಿಗೂ ವಾದ ಆಯಿತು.

ಕಾಕಾ ರೇಷ್ಮೆಯ ಮಗಟ ಉಟ್ಟು, ಶಲ್ಯ ಹೊದ್ದು, ಹಣೆಗೆ ನಾಮ ಇಟ್ಟುಕೊಂಡು ಬಂದಾಗ ಅವರ ಕೊರಳಲ್ಲಿ ಕ್ಯಾಮೆರಾ ಇರಲಿಲ್ಲ. ನಾನು ಅಲ್ಲಿಂದಲೇ ಮದುಮಗಳ ಕಡೆ ನೋಡಿದೆ. ಅವಳು ಬಾಸಿಂಗದ ಕೆಳಗಿನಿಂದ ನೋಡಿ ಸಣ್ಣಗೆ ನಕ್ಕಳು. ಅಂತರಪಟ ಹಿಡಿಯುವುದಕ್ಕೆ ಕೆಲವೇ ನಿಮಿಷ ಇದೆ ಅನ್ನುವಾಗ ಕಾಕಾ ಶಿಷ್ಯನ ಹತ್ತಿರ ಹೋಗಿ ಕೈ ಚಾಚಿದರು.

“ಕೊಡಿಲ್ಲೆ.”

“ಸರ್, ನೀವು ಇವತ್ತ ಅಪ್ಪಾರು. ಸುಮ್ಮ ನಿಂದರ್ರಿ.”

“ಒಂದ ಫೋಟೋ. ಧಾರಿ ಆಮ್ಯಾಲೆ ಅದ, ಅಲ್ಲೀತನಕಾ ನನ್ನ ಕೈ ಖಾಲಿ ಅದಾವ. ಒಂದ.”

ಶಿಷ್ಯ ಕೊಟ್ಟ. ಏನು ಮಾಡಿಯಾನು. ಕಾಕಾ ಬೆಲ್ಟು ಕೊರಳಿಗೆ ಹಾಕಿಕೊಂಡರು. ಅಂತರಪಟದ ಒಂದು ತುದಿ ಹಿಡಿದಿದ್ದ ಆಚಾರ್ಯರು, “ಏನ್ರಿ, ಇದು ಎಷ್ಟನೇ ಎಳಿ ಜನಿವಾರ?” ಅಂದರು. ಸುತ್ತಲಿದ್ದವರು ನಕ್ಕರು. ಮದುಮಗಳು ನಗಲಿಲ್ಲ. ನಡುವೆ ಬಿಳಿಯ ಬಟ್ಟೆ ಬಂತು, ಅದರ ಮೇಲೆ ಕುಂಕುಮದ ಸ್ವಸ್ತಿಕ. ಆಕಡೆ ಮದುಮಗ, ಈಕಡೆ ಅವಳು.

ಅಂತರಪಟದ ವಿಷಯ ಗೊತ್ತಿಲ್ಲದವರಿಗೆ ಇಷ್ಟು ಹೇಳಬೇಕು. ಮಂಗಳಾಷ್ಟಕ ಮುಗಿಯುವವರೆಗೆ ಹುಡುಗ ಹುಡುಗಿ ಒಬ್ಬರ ಮುಖ ಒಬ್ಬರು ನೋಡುವಂತಿಲ್ಲ. ಕೊನೆಯ ಸಾಲಿಗೆ ಬಟ್ಟೆ ಸರ್ರನೆ ಇಳಿಯುತ್ತದೆ, ವಾದ್ಯ ಏಳುತ್ತದೆ, ಸಭೆಯಲ್ಲಿದ್ದ ಎಲ್ಲರೂ ಕೈಯಲ್ಲಿ ಬೆಚ್ಚಗಾದ ಅಕ್ಕಿಕಾಳು ಎಸೆಯುತ್ತಾರೆ. ಒಂದೇ ಸಲ. ಬೇರೆ ಯಾವ ಶಾಸ್ತ್ರವನ್ನಾದರೂ ಇನ್ನೊಮ್ಮೆ ಮಾಡಿಸಬಹುದು. ಹಾರ ಇನ್ನೊಮ್ಮೆ ಹಾಕಿಸುತ್ತಾರೆ, ಉಂಗುರ ಇನ್ನೊಮ್ಮೆ ಹುಡುಕಿಸುತ್ತಾರೆ. ಇದನ್ನು ಮಾಡಿಸುವುದಿಲ್ಲ.

ಅತ್ತೆಯರು, ಮಾವಂದಿರು ಒಬ್ಬೊಬ್ಬರಾಗಿ ಮೈಕು ಹಿಡಿದು ಹಾಡಿದರು. ಕಾಕಾ ವೇದಿಕೆಯ ಅಂಚಿನಲ್ಲಿ, ಮದುಮಗನ ಪಕ್ಕಕ್ಕೆ, ನನಗೆ ಬೆನ್ನು ಹಾಕಿ, ಕ್ಯಾಮೆರಾ ಕಣ್ಣಿಗೆ ಹಚ್ಚಿ ನಿಂತಿದ್ದರು. ನಾನು ಕಾಯುತ್ತಿದ್ದೆ. ಈಗ ಇಳಿಸುತ್ತಾರೆ. ಈ ಪದ್ಯಕ್ಕೆ ಇಳಿಸುತ್ತಾರೆ. ಇಲ್ಲ. ಆಚಾರ್ಯರು ತಾವೇ ಕೊನೆಯ ಪದ್ಯ ಎತ್ತಿಕೊಂಡರು. ಅವರ ಬೆರಳು ಬಟ್ಟೆಯ ಅಂಚನ್ನು ಸಡಿಲ ಮಾಡಿಕೊಂಡಿದ್ದು ನನಗೆ ಕಂಡಿತು. ಕಾಕಾನ ಮೊಳಕೈ ಇನ್ನೂ ಮೇಲೇ ಇತ್ತು. ನನ್ನ ತೆರೆಯ ಮೇಲೆ ಒಂದು ಶಲ್ಯದ ಬೆನ್ನು, ಅಷ್ಟೇ.

ನಾನು ಕರೆದೆ.

“ಕಾಕಾ.”

ಕೂಗಲಿಲ್ಲ. ಆದರೆ ಚರ್ಚೆಯಲ್ಲಿ ಪಳಗಿದ ಗಂಟಲು, ಮೈಕಿಲ್ಲದೆ ಕೊನೆಯ ಬೆಂಚಿಗೆ ಮುಟ್ಟುತ್ತದೆ. ಅವರು ಕ್ಯಾಮೆರಾ ಇಳಿಸಿದರು. ಯಾರು ಕರೆದರು ಅಂತ ಸಭೆಯ ಕಡೆ, ನನ್ನ ಕಡೆ ಹೊರಳಿದರು. ಅದೇ ಹೊತ್ತಿಗೆ ಅವರ ಬೆನ್ನ ಹಿಂದೆ ಅಂತರಪಟ ಇಳಿಯಿತು. ವಾದ್ಯ ಎದ್ದಿತು. ಇಡೀ ಸಭೆಯ ಅಕ್ಕಿಕಾಳು ಹಾರಿ ಬಂತು, ಮದುಮಕ್ಕಳಿಗೆ ಬೀಳಬೇಕಾದ್ದರಲ್ಲಿ ಒಂದು ಮುಷ್ಟಿ ನೇರವಾಗಿ ಕಾಕಾನ ಮುಖಕ್ಕೆ ಬಡಿಯಿತು. ಬೆನ್ನು ಹಾಕಿ ನಿಂತಿದ್ದರೆ ಶಲ್ಯಕ್ಕೆ ಬೀಳುತ್ತಿತ್ತು. ಒಂದು ಕಾಳು ಕಣ್ಣಿಗೆ ಹೋಯಿತು. ಕಣ್ಣು ಕೆಂಪಾಯಿತು, ನೀರು ಬಂತು.

ಇದೇ ಆ ಕಣ್ಣೀರು.

ಅವರು ಹೊರಳಿ ಮಗಳ ಕಡೆ ತಿರುಗುವಷ್ಟರಲ್ಲಿ ಬಟ್ಟೆ ಮಡಚಿ ಆಚಾರ್ಯರ ಕಂಕುಳಿಗೆ ಹೋಗಿತ್ತು, ಮದುಮಗ ಮದುಮಗಳು ಹಾರ ಎತ್ತಿದ್ದರು. ಶಿಷ್ಯ ವೇದಿಕೆಯ ಮೇಲಿಂದಲೇ ಬಗ್ಗಿ ನನಗೆ ಹೇಳಿದ, “ಅಲ್ಲಬೇ, ಆ ಹೊತ್ತಿನ್ಯಾಗ ಕರೀತಾರೇನ?” ಅವನ ಮಾತು ವಾದ್ಯದಲ್ಲಿ ಬೇರೆ ಯಾರಿಗೂ ಕೇಳಿಸಲಿಲ್ಲ. ನನಗೆ ಕೇಳಿಸಿತು. ಧಾರೆಗೆ ಕರೆದರು, ಕಾಕಾ ಕ್ಯಾಮೆರಾ ಶಿಷ್ಯನ ಕೈಗೆ ಕೊಟ್ಟು ಹೋದರು.

ಯಾಕೆ ಕರೆದೆ? ಮದುಮಗಳ ಆಸೆಗಾಗಿ ಅಂತ ನಾನೇ ನನಗೆ ಹೇಳಿಕೊಂಡು ನೋಡಿದ್ದೇನೆ. ಆ ವಾದ ನಿಲ್ಲುವುದಿಲ್ಲ. ಅವಳು ಕೇಳಿದ್ದು ತಾವಾಗೇ ಇಳಿಸುತ್ತಾರೋ ಇಲ್ಲವೋ ಅಂತ. ಅದಕ್ಕೆ ಉತ್ತರ ಬರುವುದಕ್ಕೆ ಇನ್ನು ಒಂದೇ ಸಾಲು ಬಾಕಿ ಇತ್ತು. ನನಗೆ ಉತ್ತರ ಬೇಕಾಗಿರಲಿಲ್ಲ, ಶಾಟು ಬೇಕಾಗಿತ್ತು.

ಊಟದ ಹಾಲಿನ ಮೂಲೆಯಲ್ಲಿ, ನೀರಿನ ಕ್ಯಾನುಗಳ ಹಿಂದೆ ಒಂದು ಕುರ್ಚಿ ಹಾಕಿಕೊಂಡು ಕೂತೆ. ಎರಡೂ ಫೋನಿನ ತುಣುಕು ಒಂದರ ಪಕ್ಕ ಒಂದು ಇಟ್ಟೆ. ವಾದ್ಯದ ಮೊದಲ ಪೆಟ್ಟನ್ನು ಎರಡರಲ್ಲೂ ಸರಿಹೊಂದಿಸಿದೆ, ಆಗ ಯಾವಾಗ ಏನಾಯಿತು ಅನ್ನುವುದು ತಕರಾರಿಲ್ಲದೆ ಗೊತ್ತಾಗುತ್ತದೆ. ಬಟ್ಟೆ ಇಳಿದಾಗ ಮದುಮಗಳು ಮದುಮಗನನ್ನು ನೋಡಿದಳು. ಆ ಮೂರು ಸೆಕೆಂಡು ಅವಳಪ್ಪ ನನ್ನ ಕಡೆ ನೋಡುತ್ತಿದ್ದರು. ನಾಲ್ಕನೇ ಸೆಕೆಂಡಿಗೆ ಅವಳ ಕಣ್ಣು ಪಕ್ಕಕ್ಕೆ ಸರಿದು ಅಪ್ಪನನ್ನು ಹುಡುಕಿದವು. ಅಷ್ಟರಲ್ಲಿ ಅವರು ಅವಳ ಕಡೆ ಹೊರಳಿ ಅಂಗೈಯಿಂದ ಕಣ್ಣು ತಿಕ್ಕಿಕೊಳ್ಳುತ್ತಿದ್ದರು. ಕ್ಯಾಮೆರಾ ಹೊಟ್ಟೆಯ ಮೇಲೆ ಜೋತಾಡುತ್ತಿತ್ತು. ಅವಳು ಕಂಡದ್ದು ಅದು.

ಮುಂದಿನದು ಕೈಚಳಕ. ಬಟ್ಟೆ ಇಳಿಯುವುದು, ಕ್ಯಾಮೆರಾ ಇಳಿಯುವುದು, ಅವರ ಒದ್ದೆ ಕಣ್ಣು, ಅವಳ ನೋಟ. ‘ಕಾಕಾ’ ಅಂದ ದನಿ ತೆಗೆದೆ, ಅದರ ಮೇಲೆ ಒಂದು ಕೊಳಲು ಹಾಕಿದೆ. ಒಂದೇ ಒಂದು ಚೌಕಟ್ಟೂ ಸುಳ್ಳಲ್ಲ. ಒಂದರ ಪಕ್ಕ ಒಂದು ಇಟ್ಟದ್ದು ಮಾತ್ರ ನಾನು. ಮದುಮಗಳಿಗೆ ಕಳಿಸಿದೆ. ಮಸರನ್ನ ಬರುವಷ್ಟರಲ್ಲಿ ಅವಳ ಉತ್ತರ ಬಂತು. “ಹಾಕು, ಎಲ್ಲಾರಿಗೂ ತೋರಸು. ಅಪ್ಪ ತಾವಾಗೇ ಇಳಿಸಿದ್ರು.”

ತಾವಾಗೇ. ಆ ಶಬ್ದ ಓದಿ ನಾನು ಎದ್ದು ಕೈ ತೊಳೆದೆ. ಇನ್ನೂ ಊಟ ಮಾಡಿರಲಿಲ್ಲ, ಕೈ ತೊಳೆಯುವ ಕಾರಣ ಇರಲಿಲ್ಲ.

ಆಮೇಲೆ ಕೆಲಸ ಬರತೊಡಗಿತು. ಬಂದವರೆಲ್ಲ ಅದನ್ನೇ ಕೇಳುತ್ತಿದ್ದರು. “ಆ ಅಪ್ಪಂದು ಮಾಡೀರಲ್ರಿ, ಹಂಗ ನಮ್ಮಪ್ಪಗೂ.” ಒಂದು ಲಗ್ನದಲ್ಲಿ ಮದುಮಗಳ ತಂದೆ ಅರಳೆ ವ್ಯಾಪಾರಿ. ಆ ಮನುಷ್ಯ ಜೀವನದಲ್ಲಿ ಕ್ಯಾಮೆರಾ ಮುಟ್ಟಿದವರಲ್ಲ. ಅವರ ಮಗ ಎಲ್ಲಿಂದಲೋ ಒಂದು ದೊಡ್ಡ ಕ್ಯಾಮೆರಾ ತಂದು ಅವರ ಕೈಗೆ ಕೊಟ್ಟ. ಇಳಿಸಲಿಕ್ಕೆ.

“ತಮ್ಮಾ, ಇದನ್ನ ಏನ ಮಾಡ್ಲಿ?” ಅಂದರು ಅವರು.

“ಏನೂ ಮಾಡಬ್ಯಾಡ್ರಿ ಅಪ್ಪಾಜಿ. ಕಣ್ಣಿಗೆ ಹಿಡೀರಿ. ಇವರು ಸನ್ನಿ ಮಾಡ್ತಾರ, ಇಳಸ್ರಿ. ಅಳು ಬಂದ್ರ ಛಲೋ.”

“ಬರಲಿಲ್ಲಂದ್ರ?”

ಅವರು ನನ್ನ ಕಡೆ ನೋಡಿದರು. ತಮಾಷೆಗೆ ಕೇಳಿರಲಿಲ್ಲ. ಕ್ಯಾಮೆರಾ ತಲೆಕೆಳಗಾಗಿ ಹಿಡಿದಿದ್ದರು. ನಾನು ಸನ್ನೆ ಮಾಡಿದೆ. ಅವರು ಇಳಿಸಿದರು. ಅವರ ಮಗಳು ಯಾವಾಗ ತಾಳಿ ಕಟ್ಟಿಸಿಕೊಂಡಳು ಅನ್ನುವುದನ್ನು ಅವರೂ ನೋಡಲಿಲ್ಲ. ನನ್ನ ಕೈಯನ್ನೇ ನೋಡುತ್ತಿದ್ದರು.

ಅವತ್ತಿನಿಂದ ನನಗೆ ಒಂದು ಕಡೆ ಕೂಡಲಿಕ್ಕೆ ಆಗಲಿಲ್ಲ. ಕೋಣೆಯಲ್ಲಿ ಕೂತರೆ ಫೋನು ತೆಗೆದು ಆ ತುಣುಕನ್ನು ದನಿಯೊಂದಿಗೆ ಕೇಳುತ್ತಿದ್ದೆ. “ಕಾಕಾ.” ಅಳಿಸಬೇಕು ಅಂತ ಬೆರಳು ಹೋಗುತ್ತಿತ್ತು, ಸಾಕ್ಷಿ ಅಳಿಸಬಾರದು ಅಂತ ಹಿಂದೆ ಬರುತ್ತಿತ್ತು. ಎರಡು ಸಲ ಧಾರವಾಡದಿಂದ ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋಗಿ, ದೇಶಪಾಂಡೆ ನಗರದ ಆ ಸ್ಟುಡಿಯೋದ ಎದುರಿನ ಅಂಗಡಿಯಲ್ಲಿ ಚಹಾ ಕುಡಿದು ತಿರುಗಿ ಬಂದೆ. ಮಗಳಿಗೆ ಹೇಳಬೇಕೋ, ಅಪ್ಪನಿಗೆ ಕೇಳಬೇಕೋ, ಎರಡು ಪಕ್ಷಕ್ಕೂ ನಾನೇ ಮಾತಾಡುತ್ತಿದ್ದೆ, ಎರಡೂ ಪಕ್ಷ ಸೋಲುತ್ತಿದ್ದವು. ಹೇಳಿದರೆ ಅವಳಿಗೆ ಸಿಕ್ಕ ಅಪ್ಪನನ್ನು ಕಸಿದುಕೊಂಡ ಹಾಗೆ. ಹೇಳದಿದ್ದರೆ ಅವಳ ಹತ್ತಿರ ಇರುವುದು ಅಪ್ಪನಲ್ಲ, ನನ್ನ ಜೋಡಣೆ.

ಮೂರನೇ ಸಲ ಒಳಗೆ ಹೋದೆ. ಮಧ್ಯಾಹ್ನ ಮೂರರ ಹೊತ್ತು. ಕಾಕಾ ಒಬ್ಬರೇ ಕೌಂಟರಿನ ಹಿಂದೆ ಕೂತು ಒಂದು ಹಳೆಯ ಲೆನ್ಸಿಗೆ ಬುರುಸಿನಿಂದ ಧೂಳು ಜಾಡಿಸುತ್ತಿದ್ದರು.

“ಬಾರವಾ, ವಕೀಲ್ರು ಬಂದ್ರು,” ಅಂದರು. “ಎರಡ ಸಲಾ ಎದುರಿನ ಅಂಗಡೀತನಕಾ ಬಂದು ಹೋದಿ. ಚಹಾ ಅಲ್ಲೆ ಛಲೋ ಇರ್ತದೇನು?”

ನಾನು ತಯಾರಿ ಮಾಡಿಕೊಂಡು ಬಂದ ಮೊದಲ ವಾಕ್ಯ ಅಲ್ಲಿಗೆ ಹೋಯಿತು. ಸೀದಾ ಹೇಳಿದೆ. “ಕಾಕಾ, ಆ ರೀಲಿನ್ಯಾಗ ನೀವು ನೋಡಾಕತ್ತಿದ್ದು ಆಕೀನ್ನ ಅಲ್ಲ. ನನ್ನ.”

“ಗೊತ್ತದ.”

“ಯಾವಾಗಿಂದ್ರಿ?”

“ಮೊದಲನೇ ಸಲಾ ನೋಡಿದಾಗಿಂದ.” ಬುರುಸು ಕೆಳಗಿಟ್ಟರು. ನನ್ನ ಫೋನು ಕೇಳಿ ತೆಗೆದುಕೊಂಡು, ರೀಲು ಹಚ್ಚಿ, ತಮ್ಮ ಮುಖ ಬಂದಾಗ ಬೆರಳಿಟ್ಟು ನಿಲ್ಲಿಸಿದರು. “ಮಂಟಪದ ಕಡಿ ಹಳದಿ ಫೋಕಸ್ ಇತ್ತು. ಮಗಳ ಮುಖದ ಮ್ಯಾಲೆ ನೋಡು, ಹಳದಿ. ನನ್ನ ಮುಖದ ಮ್ಯಾಲೆ ಬಿಳೇ ಬೆಳಕು, ಸಭಾದ ಟ್ಯೂಬ್‌ಲೈಟಿಂದು. ಆಕಿ ಕಡೆ ನೋಡಿದ್ರ ನಾನೂ ಹಳದಿ ಆಗತಿದ್ದೆ. ಇಷ್ಟ ಮಂದಿ ನೋಡ್ಯಾರ, ಒಬ್ಬರಿಗೂ ತಿಳದಿಲ್ಲ. ಬೆಳಕು ನೋಡೂದು ಯಾರಿಗೂ ಬ್ಯಾಡಾಗೇದ.”

“ಮತ್ತ ಯಾರಿಗೂ ಯಾಕ ಹೇಳಲಿಲ್ಲರಿ?”

“ಮಗಳು ಲಗ್ನದ ಮರುದಿನ ನನ್ನ ಎರಡೂ ಕೈ ಹಿಡಕೊಂಡು ಥ್ಯಾಂಕ್ಸ್ ಅಪ್ಪಾ ಅಂದ್ಲು. ಯಾತಕ್ಕ ಅಂತ ನನಗ ಆಗ ಗೊತ್ತಿರಲಿಲ್ಲ. ಆಮ್ಯಾಲೆ ರೀಲ್ ನೋಡಿದೆ, ಗೊತ್ತಾತು. ಈಗ ಗಿರಾಕಿಗೋಳು ಬರ್ತಾರ, ಕಣ್ಣಾಗ ನೀರು ಬಂತೇನ್ರಿ ಅಂತಾರ. ಬಂತ್ರಿ ಅಂತೇನಿ. ಬಂತಲ್ಲ.”

ಆಮೇಲೆ ಕೌಂಟರಿನ ಕೆಳಗಿನಿಂದ ಒಂದು ಪ್ರಿಂಟು ತೆಗೆದು ನನ್ನ ಮುಂದೆ ಇಟ್ಟರು. ಅವತ್ತು ಅವರು ತೆಗೆದ ಆ ಒಂದು ಫೋಟೋ. ನಾನು ಕರೆದಾಗ ಬೆರಳು ಒತ್ತಿ ಹೋಗಿತ್ತು ಅಂತ ಕಾಣುತ್ತದೆ. ಸ್ವಲ್ಪ ಅಲುಗಿದ ಬಿಳಿಯ ಬಟ್ಟೆ, ಕುಂಕುಮದ ಸ್ವಸ್ತಿಕ, ಮೇಲಿನ ಅಂಚಿನಲ್ಲಿ ಬಾಸಿಂಗದ ಒಂದು ಮುತ್ತು. ಅಷ್ಟೇ.

“ಇದರ ಹಿಂದ ಅದಾಳ,” ಅಂದರು.

ಇದೇ ಮಾತನ್ನು ಇದೇ ಕೌಂಟರಿನ ಮೇಲೆ ಅವರ ಮಗಳ ಬಾಯಲ್ಲಿ ಕೇಳಿದ್ದೆ. ಅದನ್ನು ಅವರಿಗೆ ಹೇಳಲಿಲ್ಲ. ಹೇಳಿದ್ದರೆ ಅಲ್ಲೊಂದು ಚಂದದ ಕೊನೆ ಸಿಗುತ್ತಿತ್ತು, ಚಂದದ ಕೊನೆಗಳ ಮೇಲೆ ನನಗೆ ಆಗ ನಂಬಿಕೆ ಹೋಗಿತ್ತು.

“ಆಕಿಗೆ ಹೇಳ್ಲೇನ್ರಿ ಕಾಕಾ?”

“ಏನಂತ ಹೇಳ್ತಿ?”

“ಖರೇ ಏನಾತು ಅಂತ.”

“ಖರೇ ಏನಾತು? ನೀ ಕರದಿ, ನಾ ಹೊಳ್ಳಿದೆ. ಅದು ನಿನಗ ಗೊತ್ತದ, ನನಗ ಗೊತ್ತದ. ಆಕಿ ಕೇಳಿದ್ದೇನು? ಲಗ್ನ ಆದ ಮ್ಯಾಲೆ ನನಗ ಆಕೀನ ಹೇಳ್ಯಾಳ, ಆಕಿ ನಿನಗ ಏನ ಹೇಳಿದ್ಲು ಅಂತ. ಅಪ್ಪ ತಾನಾಗೇ ಇಳಸ್ತಾನೋ ಇಲ್ಲೋ. ಹೌದಿಲ್ಲೋ? ಅದರ ಉತ್ತರ ನಿನ್ನ ಕಡಿ ಅದ ಏನು?”

ಚರ್ಚೆಯಲ್ಲಿ ಗೆದ್ದ ಹನ್ನೊಂದು ಶೀಲ್ಡು ಊರಿನ ಮನೆಯ ಶೋಕೇಸಿನಲ್ಲಿ ಸಾಲಾಗಿ ನಿಂತಿವೆ. ಅವರು ಲೆನ್ಸಿಗೆ ಮುಚ್ಚಳ ಹಾಕಿದರು. ಹಾಕಿ, ಮತ್ತೆ ತೆಗೆದರು, ಬುರುಸು ಎತ್ತಿಕೊಂಡರು. ಧೂಳಿರಲಿಲ್ಲ, ಆಗಲೇ ಜಾಡಿಸಿ ಆಗಿತ್ತು. ನನಗೆ ಹೊರಡಬೇಕಾಗಿತ್ತು, ಕಾಲು ಬಾಗಿಲ ಕಡೆಗೇ ಇದ್ದವು. ಹೊಸ್ತಿಲಲ್ಲಿ ನಿಂತು, ಈ ಸಲ ಸಣ್ಣ ದನಿಯಲ್ಲಿ, ಕೇಳಿದೆ.

“ಕಾಕಾ, ಅವತ್ತ ನಾ ಕರೀಲಾರದ ಇದ್ದಿದ್ರ, ನೀವು ಕ್ಯಾಮೆರಾ ಇಳಸ್ತಿದ್ರೇನ್ರಿ?”